ಪಾಚಿ ತಿನ್ನಲು ಬಂದವರು

"ಏಡಿಯನ್ನೇ ತಗೋ ಅಕ್ಕಾ. ಪಾಚಿ, ಮೀನು ಬಿಟ್ಟ ಎಂಜಲು, ಎಲ್ಲಾ ಬಳಿದು ತಿನ್ನುತ್ತೆ," ಎಂದು ಸಾಕುಮೀನಿನ ಅಂಗಡಿಯಲ್ಲಿ ತಮ್ಮ, 'ಸನ್ಯಾಸಿ ಏಡಿ'ಯಿದ್ದ ನೀರಿನ ಚೀಲವನ್ನು ಅಕ್ಕನ ಕೈಗೆ ತುರುಕಿದ. ಅವಳ ಇನ್ನೊಂದು ಕೈಯ ಚೀಲದಲ್ಲಿ ಬಸವನಹುಳುವೊಂದು ತನ್ನ ಪಾಡಿಗೆ ತಾನು ಅಂಟಿಕೊಂಡಿತ್ತು. ಅವಳ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳಗಳ ಮೇಲೆಲ್ಲ ಪಾಚಿ ಹಬ್ಬಿತ್ತು.

"ಎರಡನ್ನೂ ಒಟ್ಟಿಗೆ ಬಿಡಬಹುದಾ?" ಎಂದು ಅವಳು ಅಂಗಡಿಯವನನ್ನು ಕೇಳಿದಳು.

"ಬಿಡಬಹುದು ಮೇಡಂ. ಆದ್ರೆ ಈ ಏಡಿಗೆ ಸ್ವಂತ ಚಿಪ್ಪಿಲ್ಲ. ಬೆಳೀತಾ ಬೆಳೀತಾ ಬಸವನಹುಳು ಚಿಪ್ಪಿನ ಮೇಲೆ ಕಣ್ಣು ಹಾಕುತ್ತೆ. ಅದನ್ನ ಕೊಂದು ಒಳಗೆ ಸೇರ್ಕೊಂಡ್ರೂ ಸೇರ್ಕೊಂಡೀತು. ಹೆಸರಿಗಷ್ಟೇ ಸನ್ಯಾಸಿ!"

ಅವಳ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಹಳೆಯ ರಾಗ ಎಳೆದ. "ಯೋಚ್ನೆ ಮಾಡು ಅಕ್ಕಾ. ನೀನು ಒಂಟಿ ಜೀವ, ಮಹಡಿ ಮೇಲಿನ ಕೋಣೆ ನಿಂಗೆ ಧಾರಾಳ ಆಯ್ತು. ಕೆಳಗೆ ನಾವಿರ್ತೀವಿ. ನಿನ್ನ ನೋಡ್ಕೊಂಡ ಹಾಗೂ ಆಗುತ್ತೆ." ಅವಳೇ ದುಡಿದು ಕಟ್ಟಿಸಿದ ಮನೆಯ ಬಗ್ಗೆ ಅವನು ಹೀಗೆಂದಾಗಲೆಲ್ಲ ಅವಳು "ನೋಡೋಣ" ಎನ್ನುತ್ತಿದ್ದಳು. ಆ "ನೋಡೋಣ"ವನ್ನೇ ನಂಬಿಕೊಂಡು ಅವನ ಸೋಫಾ ಆಗಲೇ ಅವಳ ಹಜಾರಕ್ಕೆ ಬಂದು ಕೂತಿತ್ತು.

ಅವಳು ಏಡಿಯ ಚೀಲವನ್ನು ಅವನ ಕೈಗೇ ವಾಪಸ್ ಇಟ್ಟಳು. "ಇದನ್ನ ನಿಮ್ಮನೇಲಿ ಸಾಕ್ಕೋ. ನನ್ನ ಮನೆಗೆ ಬಸವನಹುಳು ಸಾಕು."

"ಅಯ್ಯೋ, ಒಂದು ಏಡಿ ಮೇಲೆ ಇಷ್ಟು ಸಿಟ್ಟಾ?"

ಅವಳು ಬಸವನಹುಳುವಿನ ಚೀಲವನ್ನು ಎದೆಗವಚಿಕೊಂಡು, ಒದ್ದೆ ಅಂಗೈಯನ್ನು ಅವನ ಮುಂದೆ ಚಾಚಿದಳು.

"ನನ್ನ ಮನೆ ಬೀಗದ ಕೈ ನಿನ್ನ ಹತ್ರ ಇದೆಯಲ್ಲ, ಕೊಡು. ಸೋಫಾನ ನಾನೇ ಗೇಟಿನಾಚೆ ಇಡಿಸ್ತೀನಿ."