ಗಿಟಾರಿನೊಳಗಿನ ಜೇನು

ಜೆಸಿಂತಾ ಬಾರಿಸಲು ಕೂತರೆ ಸಾಕು, ಹಾಡಿನ ಹಿಂದೆ ಗುಂಯ್ ಎಂಬ ಸದ್ದು.

"ಎಂಥದು ಮಾರಾಯ್ತಿ, ಗಿಟಾರಿನೊಳಗೆ ಜೇನು ಸಾಕಿದ್ದೀಯಾ?" ಬ್ಯಾಂಡ್ ಮಾಸ್ಟರರು, ಅವಳ ಗಿಟಾರಿನ ವಯರು ಸಿಕ್ಕಿಸಿದ್ದ ತಮ್ಮ ಫಾರಿನ್ ಆಂಪ್ಲಿಫೈಯರಿಗೆ ಒರಗಿ ನಕ್ಕರು. "ಒಳ್ಳೆಯದು ತಗೋ. ಇಲ್ಲದಿದ್ರೆ ಭಾನುವಾರದ ಮದುವೆಗೆ ಬೇರೆ ಜನ ನೋಡ್ತೇನೆ."

ತನ್ನ ಬೆರಳುಗಳದ್ದೇ ತಪ್ಪಿರಬೇಕೆಂದು ವಾರವಿಡೀ ಕೊರಗಿದ ಜೆಸಿಂತಾ, ಕೊನೆಗೆ ಅಂಗಡಿಯವರನ್ನು ಕಾಡಿಬೇಡಿ ದುಬಾರಿ ಗಿಟಾರೊಂದನ್ನು ಬಾರಿಸಿ ನೋಡಲು ತಂದಳು. ಅದೇ ಗುಂಯ್.

"ಇದಕ್ಕಿಂತ ಮೇಲಿನದ್ದೇ ಬೇಕು ನಿನಗೆ," ಎಂದರು ಮಾಸ್ಟರರು.

"ಬೇಡ ಸರ್. ನನ್ನ ಹಳೆಯದೇ ಸಾಕು."

"ಬಾಯಿ ಜೋರುಂಟಲ್ಲ! ಹಾಗಾದ್ರೆ ಈ ಜೇನು ಓಡಿಸಿ ತೋರಿಸು."

ಜೆಸಿಂತಾ ಆಂಪ್ಲಿಫೈಯರಿನಿಂದ ಗಿಟಾರಿನ ವಯರನ್ನು ಕಿತ್ತು, ಅವರ ಕೈಗೆ ಕೊಟ್ಟಳು.

ಗುಂಯ್ ನಿಲ್ಲಲಿಲ್ಲ.