ಹಚ್ಚದೆ ಇಟ್ಟ ಕ್ಯಾಸೆಟ್ಟು

ಕ್ಯಾಸೆಟ್ಟು ಕೊಳ್ಳದವರ ಮೇಲೆ ಹಾಲೇಶಪ್ಪನಿಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಕೊಂಡವರ ಮೇಲೆ.

ಕುಪ್ಪೇಲೂರಿನಲ್ಲಿ ಟೇಪ್ ರೆಕಾರ್ಡರ್ ಇದ್ದವರೆಲ್ಲ ಅದನ್ನು ಕೊಂಡಿದ್ದರು. ಕವರಿನ ಮೇಲೆ ಅವನದೇ ಫೋಟೋ, ಹೆಗಲಿಗೆ ಜರಿಯಂಚಿನ ಶಲ್ಯ. ಪದ, ರಾಗ, ಗಾಯನ ಮೂರೂ ಅವನದೇ. ಆದರೆ ಇಷ್ಟು ದಿನವಾದರೂ ಒಂದು ಮನೆಯಿಂದಲೂ ಅವನ ದನಿ ಹೊರಬಿದ್ದಿರಲಿಲ್ಲ. ಸಂಜೆ ಓಣಿಯಲ್ಲಿ ಕಿವಿ ನಿಮಿರಿಸಿಕೊಂಡು ನಡೆದರೆ ಒಂದು ಕಡೆ ಸಿನಿಮಾ ಹಾಡು, ಇನ್ನೊಂದು ಕಡೆ ನಾಟಕದ ಹಾಡು, ಮತ್ತೊಂದು ಕಡೆ ರೇಡಿಯೋದಲ್ಲಿ ಗೊಬ್ಬರದ ಮಾಹಿತಿ. ಗೊಬ್ಬರಕ್ಕಿರುವ ಬೆಲೆ ತನಗಿಲ್ಲವೇ ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

ಸುತ್ತಲಿನ ಹಳ್ಳಿಗಳಲ್ಲಿ ಹಾಲೇಶಪ್ಪನ ಭಜನಾ ಮೇಳವನ್ನು ಅರಿಯದವರಿರಲಿಲ್ಲ. ಪದ ಕಟ್ಟುವವನೂ ಅವನೇ, ಮುಂದೆ ಕೂತು ಹಾಡುವವನೂ ಅವನೇ. ತಾಳ ಹಿಡಿದು ದನಿಗೂಡಿಸುವವನು ಗೆಳೆಯ ಪ್ರಭುಲಿಂಗಪ್ಪ. ಕರೆ ಬಂತೆಂದರೆ ಇಬ್ಬರೂ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದರು. ಹಾಲೇಶಪ್ಪ ದನಿ ಎತ್ತಿದರೆ ಗಿರಿಜಾ ಮೀಸೆಯ ಗಂಡಸರೂ ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೂ ಯಾವ ಮನೆಯವರೂ ಅವನಿಗೆ 'ಮತ್ತೊಮ್ಮೆ ಬರ್ರಿ' ಅಂದದ್ದಿಲ್ಲ. ಅವನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ.

ಅವನ ಆಸೆ ಒಂದೇ. ರೊಟ್ಟಿ ಬಡಿಯುತ್ತಲೋ ಎಮ್ಮೆ ಹಿಂಡುತ್ತಲೋ, ಯಾರಾದರೂ ನಗುನಗುತ್ತಾ ತನ್ನ ಪದ ಕೇಳಬೇಕು. ಅದಕ್ಕೆಂದೇ ಮೇಳ ಬಿಟ್ಟು, ರಾಣೆಬೆನ್ನೂರಿನ ಸಲಾವುದ್ದೀನನ ಸೌಂಡ್ ಸರ್ವಿಸ್ ಅಂಗಡಿಯ ಅಟ್ಟದ ಮೇಲೆ ಒಬ್ಬನೇ ಕೂತು ಹಾಡಿ ಬಂದಿದ್ದ. ಯುಗಾದಿಯೊಳಗೆ ಒಂದು ಮನೆಯಲ್ಲಾದರೂ ಅದು ಕೇಳಿಸದಿದ್ದರೆ ಹಾರ್ಮೋನಿಯಂ ಗಂಟು ಕಟ್ಟಿ, ಮತ್ತೆ ಬಾಯಿ ತೆರೆಯುವುದಿಲ್ಲ ಎಂದು ಶಪಥ ಮಾಡಿದ್ದ. ಯುಗಾದಿ ಹತ್ತಿರ ಬಂದಿತ್ತು.

ಗುಮಾನಿ ಹೋದದ್ದು ಪ್ರಭುಲಿಂಗಪ್ಪನ ಮೇಲೆ. ಒಬ್ಬನೇ ಹಾಡುತ್ತೇನೆ ಎಂದಾಗ ಮುಖ ಸಣ್ಣದು ಮಾಡಿಕೊಂಡಿದ್ದವನು ಅವನೇ.

"ಊರ ಮಂದಿ ಕಿವಿ ಊದಿದಾಂವ ನೀನ ಹೌದಲ್ಲೋ?" ಎಂದು ಹಾಲೇಶಪ್ಪ ನೇರವಾಗಿಯೇ ಕೇಳಿದ.

"ನನಗ್ಯಾಕ ಬೇಕಪಾ? ನಾನೂ ಒಂದ ತೊಗೊಂಡೇನಿ. ಜ್ವಾಕಿಲೆ ದೇವರ ಜಗಲಿ ಮ್ಯಾಲ ಇಟ್ಟೇನಿ."

"ಹಚ್ಚೀಯೇನು?"

"ಈಗ್ಯಾಕೋ? ಇರ್ಲಿ ಬಿಡು. ಬೇಕಾಗ್ತತಿ."

ಹಿಂದಿನ ಓಣಿಯ ಜಯವ್ವ ಇನ್ನೂ ನಯವಾಗಿ ಜಾರಿಕೊಂಡಳು. "ನಿನ್ನ ಪದ ಅಂದ್ರ ಕೇಳೂದೇನೈತಿ ಯಣ್ಣಾ, ಕರುಳು ಕಿತ್ತು ಬರ್ತತಿ. ಆದ್ರ ನಮ್ಮ ಮಾವ ಹಾಸಿಗಿ ಹಿಡದಾರಲ್ಲ, ಅವರ ಮುಂದ ಹ್ಯಾಂಗ ಹಚ್ಚೂದು?"

"ದನಿ ಸಣ್ಣ ಮಾಡಿ ಹಚ್ಚವಾ."

"ಸಣ್ಣ ಮಾಡಿದ್ರೂ ಅವರಿಗೆ ತಿಳೀತತಿ."

ಹೊರಗಿನವರಿರಲಿ, ಹೆಂಡತಿ ದುರಗವ್ವನೇ ಮನೆಯ ಕ್ಯಾಸೆಟ್ಟನ್ನು ಟ್ರಂಕಿನ ತಳಕ್ಕೆ ಸೇರಿಸಿದ್ದಳು. "ನಾ ಇರೂತನಕಾ ಈ ಮನ್ಯಾಗ ಇದನ್ನ ಹಚ್ಚಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ," ಎಂದಿದ್ದಳು. ಅವತ್ತು ಹಾಲೇಶಪ್ಪನಿಗೆ ಅಳು ಬಂತು. ಕಟ್ಟಿಕೊಂಡವಳಿಗೇ ಬೇಡವಾದ ಹಾಡು ಇನ್ನಾರಿಗೆ ಬೇಕು?

ಅವಳಿಲ್ಲದ ದಿನಕ್ಕೆ ಕಾದ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆಂದು ದುರಗವ್ವ ಬ್ಯಾಡಗಿಯ ತಂಗಿಯ ಮನೆಗೆ ಹೋದಳು. ಮರುದಿನ ಬೆಳಗ್ಗೆಯೇ ಸಲಾವುದ್ದೀನನನ್ನು ಕಾಡಿ ತಂದಿದ್ದ ಧ್ವನಿವರ್ಧಕವನ್ನು ಹಾಲೇಶಪ್ಪ ಮಾಳಿಗೆಯ ಮೇಲೆ ಕಟ್ಟಿದ. ಬಾಯಿ ಊರ ಕಡೆಗೆ. ಇನ್ನು ಕೇಳದೆ ಎಲ್ಲಿ ಹೋಗುತ್ತಾರೋ ನೋಡಿಯೇ ಬಿಡೋಣ ಎಂದುಕೊಂಡು ಟ್ರಂಕಿನಿಂದ ಕ್ಯಾಸೆಟ್ಟು ತೆಗೆದು ಹಾಕಿ, ದನಿಯನ್ನು ಕೊನೆಯವರೆಗೂ ತಿರುಗಿಸಿದ.

'ಬಾಗಿಲಾ ತೆರದೈತಿ, ನಡಿಯೋ ನಮ್ಮಣ್ಣಾ, ಬುತ್ತಿ ಕಟ್ಟೂ ಗೊಡವಿ ಇಲ್ಲೋ...'

ಮೊದಲ ನುಡಿ ಮುಗಿಯುವುದರೊಳಗೆ ಹಿಟ್ಟಿನ ಗಿರಣಿ ನಿಂತಿತು. ಚಹಾದಂಗಡಿಯ ರೇಡಿಯೋ ಬಾಯಿ ಮುಚ್ಚಿತು. ಹೊಲಕ್ಕೆ ಹೊರಟಿದ್ದ ಚಕ್ಕಡಿಗಳು ತಿರುಗಿದವು. ಹಂಚಿನ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು, ಸೆರಗು ತಲೆಗೆಳೆದುಕೊಂಡು ಹೆಂಗಸರು ಹೊರಬಿದ್ದರು. ಹಾಲೇಶಪ್ಪ ಕಿಟಕಿಯಲ್ಲಿ ನಿಂತು ನೋಡಿದ. ಊರಿಗೆ ಊರೇ ಅವನ ಮನೆಯತ್ತ ಬರುತ್ತಿತ್ತು! ಜಯವ್ವನಂತೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಇದಲ್ಲವೇ ಹಾಡಿನ ಶಕ್ತಿ! ಅವನಿಗೆ ಎದೆ ತುಂಬಿ ಬಂತು. ಇಂಥ ಜನರ ಮೇಲೆ ಸುಮ್ಮನೆ ಗುಮಾನಿ ಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಅವಸರದಲ್ಲಿ ಜರಿಯಂಚಿನ ಶಲ್ಯ ಹೊದ್ದುಕೊಂಡ.

ಎಲ್ಲರಿಗಿಂತ ಮುಂದೆ ಪ್ರಭುಲಿಂಗಪ್ಪ. ಕೈಯಲ್ಲಿ ಮಾರುದ್ದದ ಹೂವಿನ ಹಾರ, ಕೆನ್ನೆಯ ತುಂಬ ಕಣ್ಣೀರು.

ಹಾಲೇಶಪ್ಪ ಬಾಗಿಲು ತೆರೆದು, ಕೈಮುಗಿದು ಹೊಸ್ತಿಲ ಮೇಲೆ ನಿಂತ. ಜನ ಗಕ್ಕನೆ ನಿಂತರು. ಜಯವ್ವನ ಅಳು ಅರ್ಧಕ್ಕೇ ನಿಂತಿತು. ಸಂಕೋಚಕ್ಕೆ ಹೀಗಾಗಿದೆ ಎಂದುಕೊಂಡು ಅವನೇ ದೊಡ್ಡ ಮನಸ್ಸು ಮಾಡಿ ಗೆಳೆಯನ ಹಾರಕ್ಕೆ ಕೊರಳು ಬಾಗಿಸಿದ.

ಹಾರ ಬೀಳಲಿಲ್ಲ. ಪ್ರಭುಲಿಂಗಪ್ಪ ಅವನನ್ನು ಮುಟ್ಟಿ ನೋಡಿದ, ಆಮೇಲೆ ಅವನ ಹೆಗಲಾಚೆ ಮನೆಯೊಳಗೆ ಹಣಿಕಿದ.

"ನೀ ಖರೇನ ಅದೀಯೇನೋ, ಹಾಲೇಶಾ? ಹಂಗಾರ ಒಳಗ ಹೆಣಾ ಯಾರದು? ನಿನ್ನ ಪದ ಎದ್ದ ಮನ್ಯಾಗ ಹೆಣ ಇಲ್ಲದ ದಿನ ಯಾವತ್ತರ ಇತ್ತೇನೋ?"