ಚಮೇಲಿ ಕೊನೆಯ ಸಲ ಕುಣಿದಾಗ...

ಅವಸರದಲ್ಲಿದ್ದರೆ ಇದನ್ನು ಆಮೇಲೆ ಓದಿ...

ಹುಬ್ಬಳ್ಳಿ ಕಡೆ ದಸ್ತಗೀರ್ ಚಾಚಾ ಅಂತ ಒಬ್ಬರು. ಮದುವೆ ಮೆರವಣಿಗೆಗೆ ಕುದುರೆ ಕೊಡುವುದೇ ಅವರ ಕಸುಬು.

ಕುದುರೆಯ ಹೆಸರು ಚಮೇಲಿ. ಬ್ಯಾಂಡ್ ಶುರುವಾದರೆ ಸಾಕು, ಮುಂಗಾಲೆತ್ತಿ ಕುಣಿಯುತ್ತಿತ್ತು... ಕುಣಿತ ಮುಗಿದರೆ ಚಾಚಾ ಜೇಬಿನಿಂದ ಒಂದು ತುಂಡು ಬೆಲ್ಲ. ಮರಿ ಇದ್ದಾಗಿನಿಂದ ಹಾಗೇ ಕಲಿಸಿದ್ದು.

ಆಮೇಲಾಮೇಲೆ ಚಮೇಲಿ ಕುಂಟತೊಡಗಿತು. ಚಾಚಾ ಸೋಮಾರಿತನ ಅಂದುಕೊಂಡರು. ಬೆಲ್ಲ ತೋರಿಸಿದರೆ ಮತ್ತೆ ಕುಣಿಯುತ್ತಿತ್ತಲ್ಲ!

ಕಾಲು ಊರಲಿಕ್ಕೇ ಆಗದಾಗ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರ್ ಮೇಡಂ ಎಕ್ಸ್‌ರೇ ನೋಡಿದರು...

"ಗೊರಸಿನ ಮ್ಯಾಲಿನ ಕೀಲು ಪೂರಾ ಸವದೈತ್ರಿ. ಆಪರೇಷನ್ ಮಾಡಿ, ಪ್ಲೇಟು-ಸ್ಕ್ರೂ ಹಾಕಿ ಎರಡೂ ಎಲುಬು ಕೂಡಿಸಿಬಿಡ್ತೀವಿ. ಕೀಲು ಮತ್ತ ಬಾಗಂಗಿಲ್ಲ... ಆದ್ರ ನೋವೂ ಇರಂಗಿಲ್ಲ."

"ಮತ್ತ ಕುಣೀತೈತೇನ್ರಿ?"

"ಇಲ್ಲ ಚಾಚಾ. ಆರಾಮ ಅಡ್ಡಾಡ್ಕೋತ ಇರ್ತೈತಿ, ಅಷ್ಟ."

ಚಾಚಾ ಕಣ್ಣೊರೆಸಿಕೊಂಡರು. "ಅಷ್ಟಾದ್ರ ಸಾಕ್ರಿ ಮೇಡಂ. ಕುಣಿದದ್ದು ಸಾಕು ಅದಕ್ಕ."

ಆಪರೇಷನ್ ಚೆನ್ನಾಗಿಯೇ ಆಯಿತು. ಕಾಲಿಗೆ ಪ್ಲಾಸ್ಟರ್ ಬಿತ್ತು. ಮೇಡಂ ಒಂದೇ ಮಾತು ಒತ್ತಿ ಹೇಳಿದರು... ಎಲುಬು ಕೂಡುವ ತನಕ ಕುದುರೆ ಸುಮ್ಮನೆ ನಿಂತಿರಬೇಕು. ಪ್ಲೇಟು ಮುರಿದರೆ ಮುಗಿಯಿತು.

ಚಮೇಲಿಯನ್ನು ಮನೆಗೆ ಕರೆತಂದ ಮೇಲೆ ಒಂದು ಸಂಜೆ ಬ್ಯಾಂಡಿನ ಗೆಳೆಯರು ಮದುವೆಯೊಂದನ್ನು ಮುಗಿಸಿ, ವಾದ್ಯ ಹೊತ್ತುಕೊಂಡೇ ಚಮೇಲಿಯನ್ನು ನೋಡಲು ಬಂದರು. ಚಾಚಾ ಚಹಾ ಮಾಡಲು ಒಳಗೆ ಹೋದರು.

ತಲೆ ತಗ್ಗಿಸಿ ನಿಂತಿದ್ದ ಕುದುರೆಯನ್ನು ನೋಡಿ ಬ್ಯಾಂಡ್ ಮಾಸ್ತರ್ ಯಲ್ಲಪ್ಪ ಅದರ ಕುತ್ತಿಗೆ ಸವರಿದ.

"ಪಾಪ, ಬ್ಯಾಸರಾಗೈತಿ ಆಕಿಗೆ. ಆಕಿ ಕುಣಿಯೋ ಹಾಡು ಒಂದೀಟು ಬಾರಸ್ರೋ, ಖುಷಿ ಆಗ್ಲಿ..."

ಕೆಟ್ಟ ಮನಸ್ಸಿನಿಂದಲ್ಲ. ಬರೀ ಪ್ರೀತಿಯಿಂದ. ಮೇಡಂ ಹೇಳಿದ ಮಾತು ಅವನಿಗೆ ಗೊತ್ತಿರಲಿಲ್ಲ.

ಡ್ರಮ್ಮಿನ ಸದ್ದು ಕೇಳಿದ್ದೇ ಚಾಚಾ ಒಲೆ ಮೇಲಿನ ಚಹಾ ಬಿಟ್ಟು ಓಡಿ ಬಂದರು. "ಬಂದ್ ಮಾಡ್ರೋ! ಬಂದ್ ಮಾಡ್ರೋ!"

ಡ್ರಮ್ಮು ನಿಂತಿತು... ಅಷ್ಟರಲ್ಲಿ ಚಮೇಲಿ ಕುಣಿದಾಗಿತ್ತು. ಪ್ಲೇಟು ಮುರಿದು, ಎಲುಬು ಚೂರಾಗಿ, ನೆಲಕ್ಕೆ ಬಿದ್ದಿತ್ತು.

ಮೇಡಂ ಬಂದರು. ನೋಡಿದರು. ಇನ್ನು ಉಳಿದಿದ್ದು ಕೊನೆಯ ಇಂಜೆಕ್ಷನ್ ಒಂದೇ.

ಚಾಚಾ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅಷ್ಟು ನೋವಿನಲ್ಲೂ ಚಮೇಲಿ ಮೂತಿ ಚಾಚಿ ಅವರ ಜೇಬು ಹುಡುಕುತ್ತಿತ್ತು...

ಕುಣಿದಿತ್ತಲ್ಲ... ಬೆಲ್ಲ ಕೇಳುತ್ತಿತ್ತು.

ಚಾಚಾ ಕೊಟ್ಟರು. ಮೇಡಂ ಸೂಜಿ ಚುಚ್ಚಿದರು. ಬೆಲ್ಲ ಬಾಯಲ್ಲಿ ಕರಗುವ ಮುಂಚೆಯೇ ಉಸಿರು ನಿಂತಿತು.

*ಶಭಾಷ್‌ಗಿರಿಗಾಗಿ ನೋವು ನುಂಗುವುದನ್ನು ಒಮ್ಮೆ ಕಲಿಸಿಬಿಟ್ಟರೆ, ಅದನ್ನು ಮರೆಸುವ ಆಪರೇಷನ್ ಯಾವ ಆಸ್ಪತ್ರೆಯಲ್ಲೂ ಇಲ್ಲ.*

ನಿಮ್ಮ ಮನೆಯಲ್ಲೂ ಕಾಲು ನೋಯುತ್ತಿದ್ದರೂ ನಿಮಗಾಗಿ ಕುಣಿಯುತ್ತಿರುವವರು ಯಾರಾದರೂ ಇದ್ದಾರಾ... ಒಮ್ಮೆಯಾದರೂ ಕೇಳಿದ್ದೀರಾ?